ಸೂರ್ಯ ಉತ್ತರಕ್ಕೆ ನಿಂತ ಊರುಗಳು

ಸಿಡ್ನಿ ವಿಮಾನ ನಿಲ್ದಾಣ

ಸಿಡ್ನಿಯಲ್ಲಿ ನನ್ನನ್ನು ಮೊದಲು ಎದುರುಗೊಂಡವರು ನನ್ನ ಶೂ ತೊಳೆದುಕೊಟ್ಟರು. ಇದರಲ್ಲಿ ಒಗ್ಗರಣೆ ಏನೂ ಇಲ್ಲ, ನಡೆದದ್ದೇ ಹೀಗೆ. ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ನಿಮ್ಮ ಪಾದರಕ್ಷೆಗೆ ಮಣ್ಣು ಅಂಟಿದೆಯೇ ಎಂಬ ಪ್ರಶ್ನೆ ಇತ್ತು. ಹಾಸನ ಜಿಲ್ಲೆಯಲ್ಲಿ ಭೂಮಾಪಕಿಯಾಗಿ ಕೆಲಸ ಮಾಡಿ ನಿವೃತ್ತಳಾದ ನನಗೆ ಮಣ್ಣು ಅಂಟದ ಶೂ ಎಂಬುದೇ ಗೊತ್ತಿಲ್ಲ. ಇದ್ದದ್ದು ಇದ್ದ ಹಾಗೆ 'ಹೌದು' ಎಂದು ಗುರುತು ಹಾಕಿದೆ.

ಸಾಲಿನಿಂದ ಪಕ್ಕಕ್ಕೆ ಕರೆದರು. ದಂಡ ಹಾಕುತ್ತಾರೇನೋ ಎಂದುಕೊಂಡೆ. ಕೈಗವಸು ತೊಟ್ಟ ತರುಣ ಅಧಿಕಾರಿಯೊಬ್ಬ ಶೂ ಬಿಚ್ಚಿಸಿಕೊಂಡು ಸಿಂಕಿನ ಹತ್ತಿರ ಒಯ್ದು, ಬ್ರಶ್ ಹಿಡಿದು ಅಟ್ಟೆಯ ಗೀರುಗೀರಿನಲ್ಲೂ ಉಜ್ಜಿ, ಕಾಗದದಲ್ಲಿ ಒರೆಸಿ ತಂದಿಟ್ಟ. ಮಣ್ಣು ಇದೆ ಎಂದು ಹೇಳಿದ್ದಕ್ಕೆ ಥ್ಯಾಂಕ್ಸ್ ಬೇರೆ ಹೇಳಿದ. ಸರ್ವೆಗೆ ಹೋದಾಗ ಕಾಲು ತೊಳೆಯಲು ನೀರು ಕೊಟ್ಟವರನ್ನು ಕಂಡಿದ್ದೇನೆ, ಮೇಲೆ ನಾಯಿ ಛೂ ಬಿಟ್ಟವರನ್ನೂ ಕಂಡಿದ್ದೇನೆ. ಶೂ ತೊಳೆದ ಸರ್ಕಾರಿ ನೌಕರನನ್ನು ಕಂಡದ್ದು ಇದೇ ಮೊದಲು. ಆಸ್ಟ್ರೇಲಿಯಾಕ್ಕೆ ಹೋದವರೆಲ್ಲ ಉಪ್ಪಿನಕಾಯಿ ಕಳೆದುಕೊಂಡ ಕಥೆ ಹೇಳುತ್ತಾರೆ. ನಾನು ಉಪ್ಪಿನಕಾಯಿ ಒಯ್ದೇ ಇರಲಿಲ್ಲವಾದ್ದರಿಂದ ನೀವು ಈ ಶೂ ಕಥೆಯಲ್ಲೇ ತೃಪ್ತಿಪಟ್ಟುಕೊಳ್ಳಬೇಕು.

ನಾನು ಹೊರಟದ್ದು ಊರು ನೋಡಲಿಕ್ಕಲ್ಲ, ಒಂದು ತಕರಾರು ಬಗೆಹರಿಸಲಿಕ್ಕೆ. ನನ್ನ ತಂಗಿ ನಾಗರತ್ನಳ ಮಗಳು ಅನಘಾ ಮತ್ತು ಅವಳ ಗಂಡ ಪ್ರದೀಪ ಮೆಲ್ಬರ್ನಿನಲ್ಲಿ ಐಟಿ ಕೆಲಸದಲ್ಲಿದ್ದಾರೆ. ಅಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕಿತು, ಬ್ಯಾಂಕಿನವರು ಮಾರ್ಟ್‌ಗೇಜ್‌ಗೆ ಒಪ್ಪಿದರು, ಇನ್ನು ಸ್ವಂತ ಮನೆಯೊಂದು ಆಗಬೇಕು. ಅವರ ಜೊತೆಗಿರುವ ಪ್ರದೀಪನ ತಾಯಿ ಸುಮಿತ್ರಮ್ಮ ಮಾತ್ರ ನೋಡಿದ ಮನೆಗೆಲ್ಲ ದಿಕ್ಕು ಸರಿಯಿಲ್ಲ ಎನ್ನುತ್ತಿದ್ದರು. ಒಂದು ದಕ್ಷಿಣ, ಇನ್ನೊಂದು ನೈರುತ್ಯ, ಮತ್ತೊಂದಕ್ಕೆ ಬಾಗಿಲು ಸರಿಯಿದ್ದರೂ ಒಲೆ ಸರಿಯಿಲ್ಲ. ಮಂಡಿ ಆಪರೇಷನ್ ಆಗಿ ಮಲಗಿದ್ದ ನಾಗರತ್ನ ನನ್ನನ್ನು ಕರೆಸಿ, "ಅಕ್ಕಾ, ನೀನೇ ಹೋಗು. ಆಯಮ್ಮ ಯಾರ ಮಾತೂ ಕೇಳಲ್ಲ, ಸರ್ವೆಯವರ ಮಾತಾದ್ರೆ ಕೇಳ್ತೀನಿ ಅಂದಿದಾರಂತೆ. ಒಂದು ಮನೆ ಒಪ್ಪಿಸಿಯೇ ಬಾ," ಎಂದಳು.

ನನಗೆ ಒಳಗೊಳಗೇ ಜಂಬ. ಸರ್ವಿಸಿನಲ್ಲಿ ನಾನು ದಿಕ್ಕಿಗಾಗಿ ಯಂತ್ರ ನೋಡಿದವಳಲ್ಲ. ಹೊಲದ ನಡುವೆ ನಿಂತು ನೆರಳಿನ ಮೇಲೊಮ್ಮೆ ಕಣ್ಣಾಡಿಸಿ ಇದು ಮೂಡಣ ಬದು, ಇದು ತೆಂಕಣ ಬದು ಎಂದು ಹೇಳಿದರೆ ಆಮೇಲೆ ಯಂತ್ರ ಅದನ್ನೇ ಹೇಳುತ್ತಿತ್ತು. ಇಂಥವಳಿಗೆ ಒಂದು ಬಾಗಿಲಿನ ದಿಕ್ಕು ಯಾವ ಲೆಕ್ಕ ಎಂದುಕೊಂಡೇ ವಿಮಾನ ಹತ್ತಿದ್ದೆ.

ರೌಸ್ ಹಿಲ್

ಮೆಲ್ಬರ್ನಿಗೆ ಮೊದಲು ಸಿಡ್ನಿಯಲ್ಲಿ ಒಂದು ವಾರ, ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದ ಜಯಂತಿಯ ಮನೆಯಲ್ಲಿ. ಅವಳು ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾಗಿ, ಊರ ಹೊರಗಿನ ರೌಸ್ ಹಿಲ್ ಎಂಬ ಸಬರ್ಬಿನಲ್ಲಿ ಮನೆ ಮಾಡಿದ್ದಾಳೆ. ಮನೆಗಳು ಚೆಂದ, ಹುಲ್ಲು ಚೆಂದ, ರಸ್ತೆ ಎಲೆ ಹಾಕಿ ಊಟ ಬಡಿಸುವಷ್ಟು ಚೊಕ್ಕ. ಆದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಜನ ಎಲ್ಲಿ ಎಂದು ಕೇಳಿದೆ. ಒಳಗಿದ್ದಾರೆ ಎಂದಳು. ಒಳಗೆ ಏನು ಮಾಡುತ್ತಾರೆ ಎಂದು ಕೇಳಿದ್ದಕ್ಕೆ, ಅವರೂ ನಿನ್ನ ಬಗ್ಗೆ ಇದನ್ನೇ ಕೇಳುತ್ತಿರಬಹುದು ಎಂದು ನಕ್ಕಳು.

ಜನರ ಪಾಲಿನ ಗಲಾಟೆಯನ್ನು ಅಲ್ಲಿ ಹಕ್ಕಿಗಳು ಮಾಡುತ್ತವೆ. ಬೆಳಕು ಹರಿಯುವ ಮೊದಲೇ ಬಿಳಿ ಕಾಕಟೂಗಳ ಹಿಂಡು ಸಂತೆ ಮಾಳದಂತೆ ಕಿರುಚುತ್ತದೆ. ಅದು ಸೆಪ್ಟೆಂಬರ್, ಅವರಿಗೆ ವಸಂತ. ಮ್ಯಾಗ್‌ಪೈ ಎಂಬ ಕಪ್ಪು ಬಿಳುಪಿನ ಹಕ್ಕಿ ಆ ಕಾಲದಲ್ಲಿ ಮರಿ ಮಾಡಿ, ಮರದಡಿ ಹೋಗುವವರ ತಲೆಗೆ ಎರಗುತ್ತದೆ. ಸೈಕಲ್ಲಿನವರು ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಕಡ್ಡಿಗಳನ್ನು ಸಿಕ್ಕಿಸಿಕೊಂಡು ಮುಳ್ಳುಹಂದಿಗಳ ಹಾಗೆ ಓಡಾಡುತ್ತಿದ್ದರು. ಜಯಂತಿ ನನಗೊಂದು ಕೊಡೆ ಕೊಟ್ಟು, ಮಳೆಗಲ್ಲ ಹಕ್ಕಿಗೆ ಎಂದಳು. ನಮ್ಮೂರಿನಲ್ಲಾಗಿದ್ದರೆ ಆ ಮರ ಅಷ್ಟು ಹೊತ್ತಿಗೆ ನೆಲಕ್ಕುರುಳಿರುತ್ತಿತ್ತು. ಇವರು ಮರಕ್ಕೆ 'ಹಕ್ಕಿ ಇದೆ, ಎಚ್ಚರ' ಎಂದು ಬೋರ್ಡು ಕಟ್ಟಿ ತಾವೇ ಸುತ್ತು ಹಾಕಿಕೊಂಡು ಹೋಗುತ್ತಾರೆ.

ಬಸ್ಸಿಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಬಾಗಿಲಲ್ಲೇ ನಿಂತು ಕೂಗಿ ಹೇಳಿ ಇಳಿಯುತ್ತಾರೆ. ಮೊದಲ ದಿನ ನಾನು ಬಾಯಿ ಬಿಡದೆ ಇಳಿದೆ, ಯಾಕೋ ಟಿಕೆಟ್ ಇಲ್ಲದೆ ಬಂದವಳಂತೆ ಅನ್ನಿಸಿತು. ಎರಡನೆಯ ದಿನ ಹೇಳಿದೆ, ಡ್ರೈವರು ಕೈ ಎತ್ತಿದ. ಮೂರನೆಯ ದಿನ ಅಭ್ಯಾಸಬಲದಿಂದ ಲಿಫ್ಟಿಗೂ ಹೇಳಿಬಿಟ್ಟೆ. ಅಂಗಡಿಯಲ್ಲಿ ಒಬ್ಬ ಗಂಡಸು ಬರಿಗಾಲಲ್ಲಿ ಹಾಲು ಕೊಳ್ಳುತ್ತಿದ್ದ. ಪಾಪ, ಶೂ ತೊಳೆಯಲು ಕೊಟ್ಟಿರಬೇಕು ಎಂದೆ, ಜಯಂತಿ ನನ್ನನ್ನು ಎಳೆದುಕೊಂಡು ಹೊರಟಳು.

ನಾರ್ತ್ ಸಿಡ್ನಿ

ಜಯಂತಿಗೆ ನಾರ್ತ್ ಸಿಡ್ನಿಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಆಕಾಶಕ್ಕೆ ಏಣಿ ಹಾಕಿದಂತೆ ಆಫೀಸುಗಳು ನಿಂತಿರುವ ಜಾಗ ಅದು. ಅವಳು ನನ್ನನ್ನು ರಸ್ತೆಗೆ ತಂದು ನಿಲ್ಲಿಸಿ, "ಇದೇ ರೋಡಲ್ಲಿ ಸೌತ್‌ಗೆ ನಡ್ಕೊಂಡ್ ಹೋಗು, ಸೀದಾ ಹಾರ್ಬರ್ ಬ್ರಿಡ್ಜ್ ಹತ್ರ ಹೋಗ್ತೀಯ. ಡಾಕ್ಟರ್ ಹತ್ರ ಮುಗಿಸ್ಕೊಂಡು ನಾನೂ ಅಲ್ಲಿಗೇ ಬರ್ತೀನಿ. ಫೋನ್‌ನಲ್ಲಿ ಮ್ಯಾಪ್ ಹಾಕ್ಕೊಡ್ಲಾ?" ಎಂದಳು. ದಕ್ಷಿಣ ತೋರಿಸಲು ನನಗೆ ಫೋನು ಬೇಕೇ? ಬೇಡವೆಂದೆ.

ಮಟಮಟ ಮಧ್ಯಾಹ್ನ. ಮೇ, ಜೂನ್, ಜುಲೈ ಬಿಟ್ಟರೆ ನಮ್ಮ ಕಡೆ ಹೆಚ್ಚುಕಡಿಮೆ ವರ್ಷವಿಡೀ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಕತ್ತೆತ್ತಿ ನೋಡಿದೆ, ಕಟ್ಟಡಗಳ ಸಂದಿಯಲ್ಲಿ ಸೂರ್ಯ ಸಿಕ್ಕಿದ. ಅವನ ಕಡೆಗೇ ಮುಖ ಮಾಡಿ ಧೈರ್ಯವಾಗಿ ಹೊರಟೆ. ಚಡ್ಡಿ ಬನಿಯನ್ ತೊಟ್ಟ ಆಫೀಸಿನ ಜನ ಆ ಬಿಸಿಲಲ್ಲಿ ನನ್ನ ಎಡಬಲ ಓಡುತ್ತಿದ್ದರು. ನಮ್ಮಲ್ಲಿ ಅಷ್ಟು ಹೊತ್ತಿನಲ್ಲಿ ಓಡುವವರು ಕಳ್ಳರು ಇಲ್ಲವೇ ಕಳ್ಳರ ಹಿಂದಿನವರು. ಇಲ್ಲಿ ಅದು ಊಟದ ಬಿಡುವಿನ ವ್ಯಾಯಾಮವಂತೆ.

ನಡೆದೆ, ನಡೆದೆ. ಎತ್ತರದ ಕಟ್ಟಡಗಳು ಗಿಡ್ಡವಾದವು, ಆಮೇಲೆ ಬರೀ ಅಂಗಡಿಗಳಾದವು. ನೀರೂ ಇಲ್ಲ, ಸೇತುವೆಯೂ ಇಲ್ಲ. ನಾಯಿಯನ್ನು ಮಕ್ಕಳ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದೆ. ಸೇತುವೆ ನಿನ್ನ ಬೆನ್ನ ಹಿಂದಿದೆ, ಡಾರ್ಲಿಂಗ್ ಎಂದಳು. ನನ್ನನ್ನು ಕಟ್ಟಿಕೊಂಡ ಗಂಡನೂ ಹಾಗೆ ಕರೆದವನಲ್ಲ. ಆದರೂ ನಾನು ಸೋಲಲಿಲ್ಲ. ಅದು ಉತ್ತರ, ನನಗೆ ಬೇಕಾದ್ದು ದಕ್ಷಿಣ ಎಂದು ವಾದಕ್ಕೆ ನಿಂತೆ. ಹುಟ್ಟಿದಾರಭ್ಯ ಆ ಊರಲ್ಲೇ ಇದ್ದವಳಿಗೆ ಅವಳ ಊರಿನ ಉತ್ತರ ದಕ್ಷಿಣ ಹೇಳಿಕೊಟ್ಟೆ. ಅವಳು ಎದುರಾಡದೆ, ನೋ ವರೀಸ್ ಎನ್ನುತ್ತ ನನ್ನ ಎರಡೂ ಭುಜ ಹಿಡಿದು, ಮಕ್ಕಳನ್ನು ತಿರುಗಿಸುವ ಹಾಗೆ ನನ್ನನ್ನು ಹಿಂದಕ್ಕೆ ತಿರುಗಿಸಿದಳು. ತಳ್ಳುಗಾಡಿಯ ನಾಯಿ ನನ್ನನ್ನು ಕನಿಕರದಿಂದ ನೋಡಿತು.

ಆಗ ಬೆವರಿದೆ. ಭೂಮಿಯ ಈ ಅರ್ಧದಲ್ಲಿ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆಂದು ಟ್ರೇನಿಂಗಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಿಟ್ಟಿಸಿದ್ದೆ. ಪುಸ್ತಕದ ಬದನೆಕಾಯಿ ಸಾರಿಗೆ ಬರಲಿಲ್ಲ. ಕೊನೆಗೆ ಸೇತುವೆ ಮುಟ್ಟಿದಾಗ ಜಯಂತಿ ಕಾದು ಕಾದು ಐಸ್‌ಕ್ರೀಮ್ ತಿಂದು ಮುಗಿಸಿದ್ದಳು. ಇಡೀ ಪ್ರಪಂಚವೇ ನೋಡಲು ಬರುವ ಸೇತುವೆಗೆ ಬೆನ್ನು ತಿರುಗಿಸಿ ನಡೆದ ಸರ್ವೇಯರಮ್ಮನ ಸುದ್ದಿ ಅರ್ಧ ಗಂಟೆಯೊಳಗೆ ನಮ್ಮ ಹಾಸ್ಟೆಲ್ ಗೆಳತಿಯರ ವಾಟ್ಸಾಪ್ ಗುಂಪನ್ನು ತಲುಪಿತು. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಅದಕ್ಕಿಂತ ಹೆಚ್ಚಾಗಿ, ಈ ತಪ್ಪನ್ನು ಮೆಲ್ಬರ್ನಿನಲ್ಲಿ ಮಾಡಿದ್ದರೆ ಅನಘಾಳ ಮನೆಯ ಗತಿ ಏನಾಗುತ್ತಿತ್ತು ಎಂದು ಹೆದರಿಕೆಯಾಯಿತು.

ಮೆಲ್ಬರ್ನ್

ಮೆಲ್ಬರ್ನಿನಲ್ಲಿ ಇಳಿದಾಗ ಗಾಳಿ ಕಿವಿ ಕಿತ್ತುಹೋಗುವಂತೆ ಬೀಸುತ್ತಿತ್ತು. ಸಿಡ್ನಿಯವರು ಬಿಸಿಲಿಗೆ ಮುಖ ಒಡ್ಡಿ ನಡೆದರೆ ಇಲ್ಲಿಯವರು ಕಪ್ಪು ಕೋಟು ತೊಟ್ಟು, ಕೈಯಲ್ಲಿ ಕಾಫಿ ಹಿಡಿದು, ಸಾವಿನ ಮನೆಗೆ ಹೊರಟವರಂತೆ ಸರಸರ ನಡೆಯುತ್ತಾರೆ. ಮಾತಾಡಿಸಿದರೆ ಅವರೂ ನಗುನಗುತ್ತಲೇ ಮಾತಾಡುತ್ತಾರೆ.

ಅನಘಾಳ ಬಾಡಿಗೆ ಮನೆ ಫುಟ್ಸ್‌ಕ್ರೇ ಎಂಬಲ್ಲಿ, ರೈಲ್ವೆ ಸ್ಟೇಷನ್ನಿಗೆ ಕೂಗಳತೆಯಲ್ಲಿ. ಎರಡೇ ರೂಮು. ದೇವರು ಬಟ್ಟೆಯ ಕಪಾಟಿನ ಮೇಲಿನ ಅರೆಯಲ್ಲಿ. ಬೀಗಿತ್ತಿ ಸುಮಿತ್ರಮ್ಮ ಮೈಸೂರಿನವರು. ಸೀರೆಯ ಮೇಲೆ ಉಬ್ಬು ಜಾಕೆಟ್ಟು, ಕಾಲಿಗೆ ಗುಲಾಬಿ ಬಣ್ಣದ ಓಟದ ಶೂ. ತುಂಬ ಮರ್ಯಾದೆಯಿಂದ ಬರಮಾಡಿಕೊಂಡು ಕಾಫಿ ಕೊಟ್ಟು, ನೀವು ಪಂಚಾಂಗ ನಂಬುತ್ತೀರಾ ಎಂದು ಕೇಳಿದರು. ನಾನು ನೆರಳು ನಂಬುತ್ತೇನೆ ಎಂದೆ. ಆಕೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಇನ್ನೊಂದು ಲೋಟ ಕಾಫಿ ಬೆರೆಸಲು ಎದ್ದರು.

ಅಡುಗೆಮನೆಯಲ್ಲಿ ಅನಘಾ ಪಿಸುದನಿಯಲ್ಲಿ ತನ್ನ ಪಾಡು ಹೇಳಿಕೊಂಡಳು. ವಿಂಡಮ್ ವೇಲ್‌ನಲ್ಲಿ ಹೊಸ ಮನೆಯೊಂದು ಸಿಕ್ಕಿದೆ, ನಾಲ್ಕು ರೂಮು, ಬೇರೆಯೇ ದೇವರ ಮನೆ. ಅತ್ತೆ ಅದನ್ನು ದಕ್ಷಿಣದ ಬಾಗಿಲು ಎಂದು ತಳ್ಳಿಹಾಕಿದ್ದಾರೆ. ಫೋನಿನಲ್ಲಿ ದಿಕ್ಕು ತೋರಿಸಿದರೆ ನಿನ್ನ ಫೋನು ಒಂದು ಹೇಳುತ್ತೆ, ಅವನ ಫೋನು ಇನ್ನೊಂದು ಹೇಳುತ್ತೆ ಅನ್ನುತ್ತಾರೆ. ವಾಸ್ತುವಿನವರೊಬ್ಬರನ್ನು ವೀಡಿಯೋದಲ್ಲಿ ಕೇಳಿದರೆ ಆ ದೇಶದಲ್ಲಿ ಎಲ್ಲ ತಿರುಗುಮುರುಗು ಎಂದರಂತೆ, ಇನ್ನೊಬ್ಬರು ದೇವರಿಗೆ ದೇಶವಿಲ್ಲ ಎಂದರಂತೆ. ಏಜೆಂಟ್ ಶುಕ್ರವಾರ ಸಂಜೆಯೊಳಗೆ ಉತ್ತರ ಕೇಳಿದ್ದಾನೆ. "ದೊಡ್ಡಮ್ಮ, ಅತ್ತೆಗೋಸ್ಕರಾನೇ ಇಷ್ಟು ದೊಡ್ಡ ಮನೆ ನೋಡ್ತಿರೋದು. ಇಲ್ಲಿ ಪಾಪ, ಅವ್ರಿಗೆ ಅವ್ರದ್ದು ಅಂತ ಸ್ಪೇಸೇ ಇಲ್ಲ," ಎಂದಳು. ಫೋನಿನಲ್ಲಿ ಆ ಮನೆಯ ಅಡುಗೆಕಟ್ಟೆಯ ಫೋಟೋ ತೋರಿಸುವಾಗ ಅವಳ ಬೆರಳು ಅದರ ಮೇಲೇ ನಿಂತಿತ್ತು. ಹುಡುಗಿಗೂ ಆಸೆಯಿದೆ ಎಂದು ಗೊತ್ತಾಯಿತು. ಈ ಮನೆ ಆಗಲೇಬೇಕು ಎಂದು ನಾನೂ ಟೊಂಕ ಕಟ್ಟಿದೆ.

ಫುಟ್ಸ್‌ಕ್ರೇ ಮಾರ್ಕೆಟ್ಟು

ಮರುದಿನ ಮಕ್ಕಳು ಆಫೀಸಿಗೆ ಹೋದ ಮೇಲೆ ಸುಮಿತ್ರಮ್ಮ ಚೀಲ ಹಿಡಿದು, ಬನ್ನಿ ಸರೋಜಾ ಅವರೇ, ತರಕಾರಿ ತರೋಣ ಎಂದರು. 'ಪಾಪ' ಎಂದು ಅನಘಾ ಹೇಳಿದ ಹೆಂಗಸು ಬೀದಿಗೆ ಇಳಿದದ್ದೇ ತಡ, ನಾನು ಅವರ ಹಿಂದೆ ಓಡಬೇಕಾಯಿತು. ಸ್ಟೇಷನ್ನಿನ ಸಿಬ್ಬಂದಿಯವನು ಕೈಬೀಸಿದ. ಇಥಿಯೋಪಿಯಾದವರ ಕಾಫಿ ಅಂಗಡಿಯವಳು ಬಾಗಿಲಿಗೆ ಬಂದು ಆಗಷ್ಟೇ ಹುರಿದ ಬೀಜ ಮೂಸಲು ಕೊಟ್ಟಳು. ಸುಮಿತ್ರಮ್ಮ ಮೂಸಿ, ಇನ್ನೊಂಚೂರು ಹುರಿಯಬೇಕು ಎಂದು ಕೈಸನ್ನೆಯಲ್ಲೇ ತೀರ್ಪು ಕೊಟ್ಟರು.

ಮಾರ್ಕೆಟ್ಟಿನಲ್ಲಿ ವಿಯೆಟ್ನಾಮಿನ ಅಜ್ಜಿಯೊಬ್ಬಳ ತರಕಾರಿ ಅಂಗಡಿ. ಆಕೆಗೆ ಕನ್ನಡ ಬಾರದು, ಇವರಿಗೆ ವಿಯೆಟ್ನಾಮಿ ಬಾರದು, ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಹುರುಳಿಕಾಯಿಯನ್ನು ಒಂದೊಂದಾಗಿ ಮುರಿದು ನೋಡಿ ಆರಿಸುವ ಇವರನ್ನು ಆಕೆ ಗದರಿಸುತ್ತಾಳೆ, ಇವರು ತಿರುಗಿ ಗದರಿಸುತ್ತಾರೆ. ಕೊನೆಯಲ್ಲಿ ಸುಮಿತ್ರಮ್ಮ ಚೀಲದ ಬಾಯಿ ತೆರೆದು ಸುಮ್ಮನೆ ನಿಂತರು. ಅಜ್ಜಿ ಗೊಣಗುತ್ತ ಒಂದು ಹಿಡಿ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ ಎಸೆದಳು. ಕೊಸರು! ಮೈಸೂರಿನ ಕೊಸರನ್ನು ಈಕೆ ಸಮುದ್ರ ದಾಟಿಸಿ ಇಲ್ಲಿ ಚಾಲ್ತಿಗೆ ತಂದಿದ್ದರು. ಕಲಿಸಲು ಒಂದು ಚಳಿಗಾಲ ಪೂರ್ತಿ ಹಿಡಿಯಿತು ಎಂದು ಹೆಮ್ಮೆಯಿಂದ ಹೇಳಿಕೊಂಡರು.

ಅಲ್ಲಿಂದ ಲೈಬ್ರರಿ. ವಾರಕ್ಕೊಮ್ಮೆ ಅಲ್ಲಿ ಇಂಗ್ಲಿಷ್ ಮಾತಾಡಲು ಕಲಿಯುವವರ ಗುಂಪು ಸೇರುತ್ತದಂತೆ. ನಾನು ದೇಶಕ್ಕೆ ಬಂದು ವಾರದ ಮೇಲಾಗಿತ್ತು. ಜನ ಎಲ್ಲಿ ಎಂದು ಜಯಂತಿಯನ್ನು ಕೇಳಿದ್ದೆನಲ್ಲ, ಎಲ್ಲರೂ ಇಲ್ಲಿದ್ದರು. ಸುಮಿತ್ರಮ್ಮ ಇಷ್ಟು ಲವಲವಿಕೆಯಿಂದ ಇರುವುದನ್ನು ಮಗ ಸೊಸೆ ನೋಡಿಯೇ ಇಲ್ಲವಲ್ಲ ಎಂದು ಆಶ್ಚರ್ಯವಾಯಿತು. ನೋಡುವುದು ಹೇಗೆ, ಇದೆಲ್ಲ ನಡೆಯುವುದು ಅವರು ಆಫೀಸಿನಲ್ಲಿದ್ದಾಗ.

ವಿಂಡಮ್ ವೇಲ್

ಮನೆಗೆ ಬಂದು ನನ್ನ ಉಪಾಯ ಹೇಳಿದೆ. ಫೋನು ಬೇಡ, ಪಂಡಿತರು ಬೇಡ. ಹಳೆಯ ಕಾಲದಲ್ಲಿ ದೇವಸ್ಥಾನಕ್ಕೆ ಜಾಗ ಗುರುತು ಮಾಡುವಾಗ ಮಾಡುತ್ತಿದ್ದಂತೆ ಶಂಕು ನೆಡೋಣ. ನೆಟ್ಟಗೆ ಒಂದು ಕೋಲು, ಅದರ ಸುತ್ತ ಒಂದು ವೃತ್ತ. ಬೆಳಗಿನ ನೆರಳಿನ ತುದಿ ವೃತ್ತವನ್ನು ಮುಟ್ಟಿದಾಗ ಒಂದು ಕಲ್ಲು, ಮಧ್ಯಾಹ್ನದ ಮೇಲೆ ಇನ್ನೊಂದು ಕಡೆ ಮುಟ್ಟಿದಾಗ ಮತ್ತೊಂದು ಕಲ್ಲು. ಎರಡಕ್ಕೂ ದಾರ ಹಿಡಿದರೆ ಪೂರ್ವ ಪಶ್ಚಿಮ ಸಿಕ್ಕಿತು. ಇದಕ್ಕೆ ಯಾರೂ ತಕರಾರು ಹೇಳುವಂತಿಲ್ಲ. ಸುಮಿತ್ರಮ್ಮ ಯಾಕೋ ಕೊಂಚ ತಡೆದು, ಆಗಲಿ ಎಂದರು.

ಶುಕ್ರವಾರ ಬೆಳಿಗ್ಗೆ ಪ್ರದೀಪ ನಮ್ಮಿಬ್ಬರನ್ನೂ ಆ ಮನೆಯ ಎದುರಿಗೆ ಇಳಿಸಿದ. ಎರಡು ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಪುಳಿಯೋಗರೆ, ಟೊಮೆಟೊ ಗಿಡಕ್ಕೆ ಆಸರೆ ಕೊಡುವ ಒಂದು ಕೋಲು. ಸಂಜೆ ಬರುತ್ತೇನೆಂದು ಹೇಳಿ ಆಫೀಸಿಗೆ ಹೋದ. ವಿಂಡಮ್ ವೇಲ್ ಎಂದರೆ ಬಯಲಿನಲ್ಲಿ ಈಗಷ್ಟೇ ಎದ್ದ ಬಡಾವಣೆ. ಒಂದೇ ಅಚ್ಚಿನ ಮನೆಗಳು, ನಡುನಡುವೆ ಖಾಲಿ ಸೈಟುಗಳು, ಸೈಟಿನ ಮೂಲೆಗಳಲ್ಲಿ ಗುಲಾಬಿ ರಿಬ್ಬನ್ ಕಟ್ಟಿದ ಸರ್ವೆ ಗೂಟಗಳು. ಆ ಗೂಟ ನೋಡಿ ತವರಿನವರನ್ನು ಕಂಡಷ್ಟು ಸಂತೋಷವಾಯಿತು, ಒಂದನ್ನು ಮುಟ್ಟಿಯೂ ನೋಡಿದೆ. ಗಟ್ಟಿಯಾಗಿ ಹೊಡೆದಿದ್ದರು. ರಸ್ತೆಯ ಅಂಚಿನ ಹುಲ್ಲಿನಲ್ಲಿ ಕೋಲು ನೆಟ್ಟು, ದಾರದಿಂದ ವೃತ್ತ ಎಳೆದು, ಇಬ್ಬರೂ ಕುರ್ಚಿ ಹಾಕಿ ಕುಳಿತೆವು.

ಇಬ್ಬರು ಸೀರೆಯ ಹೆಂಗಸರು ರಸ್ತೆ ಬದಿಯಲ್ಲಿ ಒಂದು ಕೋಲನ್ನು ಕಾಯುತ್ತ ಕುಳಿತರೆ ನಮ್ಮೂರಿನಲ್ಲಿ ಹತ್ತು ನಿಮಿಷಕ್ಕೆ ಜಾತ್ರೆ ಸೇರುತ್ತಿತ್ತು. ಇಲ್ಲಿ ಕಾರುಗಳು ನಿಧಾನಿಸಿದವು, ಒಳಗಿನವರು ನಕ್ಕರು, ಹೋದರು. ಯಾರೂ ಏನೂ ಕೇಳಲಿಲ್ಲ. ನಾಯಿ ಹಿಡಿದು ಬಂದ ಹುಡುಗಿಯೊಬ್ಬಳು ಕೌನ್ಸಿಲಿನವರೇ, ಅಂದರೆ ಅಲ್ಲಿಯ ಪುರಸಭೆಯವರೇ ಎಂದು ವಿಚಾರಿಸಿ, ಅಲ್ಲವೆಂದಾಗ ಸಮಾಧಾನದಿಂದ ಮುಂದೆ ನಡೆದಳು. ಆ ಚಳಿಯಲ್ಲೂ ಚಡ್ಡಿ ತೊಟ್ಟ ಪಕ್ಕದ ಮನೆಯ ಅಜ್ಜ ಮಾತ್ರ ಬೇಲಿಯ ಮೇಲಿಂದ ಬಹಳ ಹೊತ್ತು ನೋಡಿ, ಒಳಗೆ ಹೋಗಿ, ಇನ್ನೆರಡು ಸ್ಟಂಪು ತಂದು ನಮ್ಮ ಕೋಲಿನ ಪಕ್ಕ ಊರಲು ಹೊರಟ. ಇಂಡಿಯಾದವರು ಒಂದೇ ಸ್ಟಂಪಿನಲ್ಲಿ ಆಡುವುದನ್ನು ಅವನಿಂದ ನೋಡಲಾಗಲಿಲ್ಲವಂತೆ. ಇದು ಕ್ರಿಕೆಟ್ ಅಲ್ಲ, ದಿಕ್ಕು ಹುಡುಕುತ್ತಿದ್ದೇವೆ ಎಂದು ವಿವರಿಸಿದೆ. ಹಾಗಾದರೆ ಇದು ದೊಡ್ಡ ಆಟ ಎಂದು ಹೇಳಿ ತಾನೂ ಒಂದು ಕುರ್ಚಿ ತಂದು ಕುಳಿತ. ಪುಳಿಯೋಗರೆ ತಿಂದು ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೂ ಸ್ವಲ್ಪ ಹಾಕಿಸಿಕೊಂಡ.

ಬೆಳಗಿನ ಕಲ್ಲು ಇಟ್ಟಾಗಿತ್ತು. ನಡುಹಗಲಿಗೆ ನೆರಳು ಕುಗ್ಗಿ, ರಸ್ತೆಯಾಚೆಯ ಆ ಮನೆಯ ಬಾಗಿಲಿನ ಕಡೆಗೆ ಚಾಚಿ ನಿಂತಿತು. ನಮ್ಮೂರಲ್ಲಾದರೆ ನೆರಳು ಉತ್ತರಕ್ಕೆ ಬೀಳುತ್ತದೆ. ಇಲ್ಲಿ ಅದು ದಕ್ಷಿಣಕ್ಕೆ ಬಿದ್ದಿದೆ, ಆದ್ದರಿಂದ ಮನೆ ನಮ್ಮ ದಕ್ಷಿಣಕ್ಕಿದೆ, ನಮ್ಮನ್ನೇ ನೋಡುತ್ತಿರುವ ಅದರ ಬಾಗಿಲು ಉತ್ತರಕ್ಕಿದೆ, ಸಾಕ್ಷಾತ್ ಕುಬೇರನ ದಿಕ್ಕು ಎಂದು ಶುರು ಮಾಡಿದೆ. ನಾನು ಸಿಡ್ನಿಯಲ್ಲಿ ದಾರಿ ತಪ್ಪಿದ್ದನ್ನೂ ಹೇಳಿ, ಈ ತಪ್ಪು ಯಾರಿಗಾದರೂ ಆಗುವಂಥದ್ದೇ ಎಂದು ಸಮಾಧಾನಪಡಿಸಲು ಹೋದೆ. ಸುಮಿತ್ರಮ್ಮ ನನ್ನನ್ನು ಅರ್ಧಕ್ಕೇ ತಡೆದರು.

"ನಂಗೆ ಗೊತ್ತು ಕಣ್ರೀ," ಎಂದರು. "ಬಂದ ಎರಡನೇ ತಿಂಗಳೇ ಗೊತ್ತಾಯ್ತು. ದಕ್ಷಿಣದ ಬಾಲ್ಕನೀಲಿ ಬಟ್ಟೆ ಹಾಕಿದ್ರೆ ಒಣಗ್ತಿರ್ಲಿಲ್ಲ, ಉತ್ತರದ ಕಿಟಕೀಲಿ ಹಾಕಿದ್ರೆ ಗರಿಗರಿ. ಬಟ್ಟೆ ಒಣಗಿಸೋರಿಗೆ ಸೂರ್ಯ ಎಲ್ಲಿದಾನೆ ಅಂತ ಯಾರೂ ಹೇಳ್ಕೊಡಬೇಕಾಗಿಲ್ಲ."

ಮತ್ತೆ ಇಷ್ಟು ಮನೆಗಳಿಗೆ ದಕ್ಷಿಣ, ನೈರುತ್ಯ ಎಂದದ್ದು ಏಕೆ ಎಂದು ಕೇಳಿದೆ. ಅಜ್ಜನಿಗೆ ಭಾಷೆ ತಿಳಿಯದಿದ್ದರೂ ಏನೋ ನಡೆದಿದೆಯೆಂದು ತಿಳಿಯಿತು. ಮರ್ಯಾದಸ್ಥ, ಎದ್ದು ತನ್ನ ಗಿಡಗಳಿಗೆ ನೀರು ಹಾಕಲು ಹೋದ.

ಸುಮಿತ್ರಮ್ಮ ಖಾಲಿ ರಸ್ತೆಯ ಕಡೆ ಕೈ ತೋರಿಸಿದರು. ಬೆಳಿಗ್ಗೆಯಿಂದ ಇಲ್ಲಿ ಕೂತಿದ್ದೀವಿ, ಒಂದು ಅಂಗಡಿ ಕಂಡಿತೇ ಎಂದು ಕೇಳಿದರು. ಸ್ಟೇಷನ್ನಿಗೂ ಕಾರು, ಹಾಲಿಗೂ ಕಾರು. ಅವರಿಗೆ ಕಾರು ಬಾರದು. ಮಗ ಸೊಸೆ ಬೆಳಿಗ್ಗೆ ಹೋದರೆ ರಾತ್ರಿಯವರೆಗೆ ನಾಲ್ಕು ರೂಮುಗಳ ನಡುವೆ ತಾನೊಬ್ಬಳೇ. ದೇವರಿಗೆ ಬೇರೆ ರೂಮು ಸಿಗುತ್ತದೆ, ದೇವರ ಜೊತೆ ತನಗೂ ಬಾಗಿಲು ಹಾಕಿದಂತೆ ಎಂದರು. ಹಾಗಿದ್ದರೆ ಬೇಡವೆಂದು ನೇರವಾಗಿ ಹೇಳಬಹುದಿತ್ತಲ್ಲ ಎಂದೆ.

"ಹೇಗೆ ಹೇಳ್ಲಿ? ನನಗೋಸ್ಕರ ಅಂತ ಸಾಲ ಮಾಡ್ತಿದಾರೆ. ಬೇಡ ಅಂದ್ರೆ, ಅಮ್ಮಂಗೆ ನಮ್ ಜೊತೆ ಇರೋಕೆ ಇಷ್ಟ ಇಲ್ಲ ಅಂದ್ಕೋತಾರೆ. ದಿಕ್ಕು ಸರಿಯಿಲ್ಲ ಅಂದ್ರೆ ಯಾರಿಗೂ ನೋವಾಗಲ್ಲ ನೋಡಿ." ಆಮೇಲೆ ನನ್ನ ಕೈ ಹಿಡಿದುಕೊಂಡು, "ನೀವು ದಕ್ಷಿಣ ಅಂದ್ಬಿಡಿ ಸರೋಜಾ ಅವರೇ. ನಿಮ್ಮ ಮಾತು ಮಕ್ಕಳು ಮೀರಲ್ಲ," ಎಂದರು.

ಬದು ಒಂದು ಗೇಣು ಸರಿಸಿ ಬರೆಯಲು ನನಗೆ ಬಾಳೆಗೊನೆ ತಂದವರಿದ್ದರು, ಬೆದರಿಸಿದವರಿದ್ದರು. ಈಕೆ ಇಡೀ ದಿಕ್ಕನ್ನೇ ತಿರುಗಿಸಿ ಕೊಡಿ ಎಂದು ಕೇಳುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು, ಅದೇ ಹೊತ್ತಿಗೆ ಸಿಟ್ಟೂ ಬಂತು. ಅಡುಗೆಕಟ್ಟೆಯ ಫೋಟೋದ ಮೇಲೆ ನಿಂತಿದ್ದ ಅನಘಾಳ ಬೆರಳು ನೆನಪಾಯಿತು. ನಾನು ಏನು ಹೇಳಿದರೂ ಒಬ್ಬರ ಮುಖ ಬಾಡುತ್ತದೆ. ಕೈ ಬಿಡಿಸಿಕೊಂಡು, ನನ್ನ ಬಾಯಲ್ಲಿ ಸುಳ್ಳು ದಿಕ್ಕು ಹೇಳಿಸಬೇಡಿ ಎಂದೆ. ಅವರು ಸರಿ ಎಂದು, ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ಇಬ್ಬರಿಗೂ ಸಮನಾಗಿ ಹಂಚಿದರು. ನೆರಳು ಮತ್ತೆ ವೃತ್ತವನ್ನು ಮುಟ್ಟಿದಾಗ ನಾನು ಎದ್ದು ಎರಡನೆಯ ಕಲ್ಲು ಇಟ್ಟೆ.

ಸಂಜೆ ಮಕ್ಕಳಿಬ್ಬರೂ ಆಫೀಸಿನಿಂದ ಬೇಗ ಬಿಡಿಸಿಕೊಂಡು ಬಂದರು. ಅನಘಾ ಕಾರಿನಿಂದ ಇಳಿದವಳೇ ಮೊದಲು ಮನೆಯ ಕಿಟಕಿಗೆ ಮುಖವಿಟ್ಟು ಒಳಗೆ ಇಣುಕಿ ಬಂದಳು. ಪ್ರದೀಪ ಎರಡು ಕಲ್ಲುಗಳ ನಡುವಿನ ದಾರವನ್ನು ನೋಡುತ್ತ, ಏನಾಯ್ತು ದೊಡ್ಡಮ್ಮ ಎಂದ.

ಬಾಗಿಲು ಉತ್ತರಕ್ಕಿದೆ ಎಂದೆ. ಅನಘಾ ಸಂತೋಷದಿಂದ ನನ್ನ ತೋಳು ಹಿಡಿದುಕೊಂಡಳು. ಸುಮಿತ್ರಮ್ಮ ಕುರ್ಚಿ ಮಡಚತೊಡಗಿದರು. ದಿಕ್ಕು ನೋಡಲು ಕರೆಸಿದಿರಿ, ನೋಡಿದ್ದಾಯಿತು ಎಂದೆ. ಆದರೆ ನಮ್ಮ ಇಲಾಖೆಯಲ್ಲಿ ಜಮೀನಿನ ನಕ್ಷೆ ಬರೆದರೆ ಅದಕ್ಕೆ ಹೋಗುವ ದಾರಿಯನ್ನೂ ಬರೆಯುತ್ತೇವೆ. ದಾರಿಯಿಲ್ಲದ ಹೊಲ ಎಷ್ಟು ಫಲವತ್ತಾಗಿದ್ದರೂ ಅದು ಒಂದು ವ್ಯಾಜ್ಯವೇ. ಇಲ್ಲಿಂದ ನಡೆದುಕೊಂಡು ಎಲ್ಲಿಗೆ ಹೋಗಬಹುದು ಎಂದು ಅಮ್ಮನನ್ನೇ ಕೇಳಿ ಎಂದೆ.

ಇಬ್ಬರೂ ಸುಮಿತ್ರಮ್ಮನ ಕಡೆ ತಿರುಗಿದರು. ಅವರು ಅರ್ಧ ಮಡಚಿದ ಕುರ್ಚಿಯನ್ನು ಹಿಡಿದುಕೊಂಡೇ ನಿಂತಿದ್ದರು.

"ನಿಮ್ ಜೊತೆ ಇರ್ಬೇಕು ಅಂತ ನಂಗೆ ತುಂಬಾ ಇಷ್ಟ ಕಣೋ," ಎಂದು ಮಗನಿಗೆ ಹೇಳಿದರು. "ಇಲ್ಲಿ ಇರೋಕೆ ಇಷ್ಟ ಇಲ್ಲ. ಫುಟ್ಸ್‌ಕ್ರೇನಲ್ಲಿ ನಂಗೆ ಎಲ್ಲಾ ಇದೆ."

ಅನಘಾಳ ಮುಖ ಕೆಂಪೇರಿತು. "ಅತ್ತೆ, ಒಂದು ವರ್ಷದಿಂದ ಮನೆ ನೋಡ್ತಿದೀವಿ. ಒಂದ್ ಸಲ ಹೇಳ್ಬಹುದಿತ್ತಲ್ವಾ?" ಎಂದಳು. ದನಿಯಲ್ಲಿ ನೋವಿತ್ತು, ಇರಬೇಕಾದದ್ದೇ.

"ಬಾಗಿಲು ಯಾವ ಕಡೆ ಬೇಕು ಅಂತ ಕೇಳಿದ್ರಿ," ಎಂದರು ಸುಮಿತ್ರಮ್ಮ. "ಮನೆ ಎಲ್ಲಿ ಬೇಕು ಅಂತ ಯಾರೂ ಕೇಳ್ಲಿಲ್ಲ."

ಪ್ರದೀಪ ತಾಯಿಯ ಕೈಯಿಂದ ಕುರ್ಚಿ ಇಸಿದುಕೊಂಡು ಮತ್ತೆ ಬಿಡಿಸಿ, ಕೂತ್ಕೊಮ್ಮಾ ಎಂದ. ಅನಘಾ ರಸ್ತೆ ದಾಟಿ ಇನ್ನೊಮ್ಮೆ ಕಿಟಕಿಯಲ್ಲಿ ಇಣುಕಿದಳು. ಆ ಅಡುಗೆಕಟ್ಟೆಯನ್ನು ನೋಡಿಕೊಂಡು ನಿಂತಳು, ನಾವು ಯಾರೂ ಅವಳನ್ನು ಕರೆಯಲಿಲ್ಲ. ತಿರುಗಿ ಬಂದು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಅಲ್ಲಿ ಅಂಥದ್ದೇನಿದೆ ಎಂದು ಮೆಲ್ಲಗೆ ಕೇಳಿದಳು. ಸುಮಿತ್ರಮ್ಮ ಮಾರ್ಕೆಟ್ಟಿನ ಅಜ್ಜಿಯಿಂದ ಶುರು ಮಾಡಿದರು. ಕೊಸರಿನ ಕಥೆ ಮುಗಿಯುವ ಹೊತ್ತಿಗೆ ಅನಘಾ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಏಜೆಂಟು.

ಈ ಮನೆ ನಮಗೆ ಬೇಡ ಎಂದಳು. ಆತ ಕಾರಣ ಕೇಳಿರಬೇಕು. ಅನಘಾ ಅತ್ತೆಯ ಮುಖ ನೋಡಿದಳು, ಹುಲ್ಲಿನಲ್ಲಿ ನೆಟ್ಟಿದ್ದ ಕೋಲನ್ನು ನೋಡಿದಳು, ಕೊನೆಗೆ ನನ್ನ ಕಡೆ ತಿರುಗಿ ಒಂದು ಹುಬ್ಬು ಎತ್ತಿ, ದಿಕ್ಕು ಸರಿಯಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆತನಿಗೆ ಕಿಂಚಿತ್ತೂ ಬೇಜಾರಾದ ಹಾಗೆ ಕಾಣಲಿಲ್ಲ. ನೋ ವರೀಸ್ ಎಂದದ್ದು ನಮಗೂ ಕೇಳಿಸಿತು.

ನಾನು ದಿನವಿಡೀ ಕುಳಿತು, ನೆರಳು ಅಳೆದು, ದಾರ ಹಿಡಿದು, ಉತ್ತರದ ಬಾಗಿಲು ಎಂದು ತೀರ್ಮಾನ ಕೊಟ್ಟ ಮನೆ ನನ್ನ ಕಣ್ಣೆದುರಿಗೇ ದಿಕ್ಕು ಸರಿಯಿಲ್ಲದ ಮನೆಯಾಗಿ ಹೋಯಿತು. ಸರ್ವಿಸಿನಲ್ಲಿದ್ದಿದ್ದರೆ ಬಿಡುತ್ತಿರಲಿಲ್ಲ. ಈ ಸಲ ನಾನು ತಕರಾರು ಎತ್ತಲಿಲ್ಲ.